ಕುದುರೆ ಓಡದಾದಾಗ ಕಣ್ಣು ತೋರಿಸಿ

ಮೈಸೂರಿನ ಮಕ್ಕಳಿಗೆ ಕುದುರೆ ಕೇವಲ ಪುಸ್ತಕದಲ್ಲಿ ನೋಡುವ ಪ್ರಾಣಿಯಲ್ಲ. ದಸರೆಯ ಮೆರವಣಿಗೆಯಲ್ಲಿ ಅಶ್ವದಳ, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ರೇಸ್ ಕೋರ್ಸು, ಅರಮನೆಯ ಸುತ್ತ ಟಾಂಗಾ. ಆದ್ದರಿಂದಲೋ ಏನೋ, ಈ ಊರಿನಲ್ಲಿ ಕುಂಚ ಹಿಡಿದವರಲ್ಲಿ ಅನೇಕರು ಒಮ್ಮೆಯಾದರೂ ಓಡುವ ಕುದುರೆಯನ್ನು ಬರೆದಿರುತ್ತಾರೆ. ನಿವೃತ್ತರಾದ ಮೇಲೆ ಬಣ್ಣದ ಪೆಟ್ಟಿಗೆ ಕೊಂಡುತಂದವರಂತೂ ಬಡಾವಣೆಗೆ ಒಬ್ಬರಾದರೂ ಇದ್ದಾರೆ. ಇಂಥವರು ಅರವತ್ತು ದಾಟಿದ ಮೇಲೆ ವೈದ್ಯರ ಬಳಿ ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಒಂದೇ: ‘ಮೊದಲಿನಂತೆ ಬರುತ್ತಿಲ್ಲ, ನರ ವೀಕಾಗಿದೆ, ಒಂದು ಟಾನಿಕ್ ಬರೆದುಕೊಡಿ.’

ಟಾನಿಕ್ ವಿಚಾರ ಆಮೇಲೆ. ಓಡುವ ಕುದುರೆಯನ್ನು ಬರೆಯುವುದು ಏಕೆ ಕಷ್ಟವೆಂಬುದನ್ನು ಮೊದಲು ತಿಳಿಯೋಣ. ಸೆಕೆಂಡಿಗೆ ಹತ್ತು ಹನ್ನೆರಡಕ್ಕಿಂತ ವೇಗವಾಗಿ ಬದಲಾಗುವ ದೃಶ್ಯಗಳನ್ನು ನಮ್ಮ ಕಣ್ಣು ಮತ್ತು ಮಿದುಳು ಬಿಡಿಬಿಡಿಯಾಗಿ ಗುರುತಿಸಲಾರವು. ಸಿನಿಮಾ ಓಡುವುದೇ ಈ ದೌರ್ಬಲ್ಯದ ಮೇಲೆ. ನಾಗಾಲೋಟದ ಕುದುರೆಯ ಕಾಲುಗಳೂ ಹಾಗೆಯೇ ಕಲಸಿಹೋಗುತ್ತವೆ. ಹೀಗಾಗಿ ಯೂರೋಪಿನ ದೊಡ್ಡ ಚಿತ್ರಕಾರರೂ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಕುದುರೆಗಳನ್ನು ಬರೆದರು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಯ್‌ಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ 12 ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೋ ತೆಗೆದ. ನಾಲ್ಕು ಕಾಲೂ ನೆಲ ಬಿಡುವುದು ನಿಜ. ಆದರೆ ಆ ಗಳಿಗೆಯಲ್ಲಿ ಅವು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ ಎಂಬುದು ಆಗ ಗೊತ್ತಾಯಿತು.

ನಮ್ಮ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಕೆ. ಕೇಶವಯ್ಯ ಮೊದಲಾದ ಕಲಾವಿದರು ಫೋಟೋಗಳನ್ನು ಎದುರಿಗಿಟ್ಟುಕೊಂಡು ಬರೆದವು. ಮೆರವಣಿಗೆಯ ಕುದುರೆ ನಡೆಯುವ ಕುದುರೆ. ನುಗ್ಗುವ ಕುದುರೆ ಬೇಕೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ, 1780ರ ಪೊಲ್ಲಿಲೂರು ಯುದ್ಧದ ಭಿತ್ತಿಚಿತ್ರದ ಮುಂದೆ ನಿಲ್ಲಬೇಕು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಕಾಲುಗಳ ಲೆಕ್ಕವೂ ಇಲ್ಲ. ಆದರೂ ಕುದುರೆ ಓಡುತ್ತದೆ. ಗೋಡೆಯ ಮೇಲಿನ ಬಣ್ಣ ಅಲುಗುವುದಿಲ್ಲ, ಅದನ್ನು ಓಡಿಸುವುದು ನೋಡುವವರ ಮಿದುಳು. ಹಾಗೆ ಓಡಬೇಕಾದರೆ ಕತ್ತು, ಬೆನ್ನು, ತೊಡೆಯ ಗೆರೆಗಳು ತಡವರಿಸದೆ ಹರಿದಿರಬೇಕು. ಕೈ ಅಥವಾ ಕಣ್ಣು ಸ್ವಲ್ಪ ಕೆಟ್ಟರೂ ಬೇರೆ ಚಿತ್ರಗಳಿಗಿಂತ ಮೊದಲು ಓಡುವ ಕುದುರೆಯಲ್ಲೇ ಅದು ಗೊತ್ತಾಗುವುದು ಇದರಿಂದಲೇ.

ನಿವೃತ್ತ ಡ್ರಾಯಿಂಗ್ ಮೇಷ್ಟರೊಬ್ಬರು ನನ್ನ ಬಳಿ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಗೂ ಉಬ್ಬಸಕ್ಕೂ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ನವರಾತ್ರಿಯಲ್ಲಿ ಅವರ ಮನೆಯಲ್ಲಿ ಬೊಂಬೆ ಕೂರಿಸುವಾಗ ಪಕ್ಕದ ಗೋಡೆಗೆ ಆ ವರ್ಷ ಬರೆದ ಕುದುರೆಯ ಚಿತ್ರ ತೂಗುಹಾಕುವುದು ಪದ್ಧತಿ. ಬೊಂಬೆ ನೋಡಲು ಬಂದವರು ಚಿತ್ರವನ್ನೂ ನೋಡಿ, ಚರ್ಚೆ ಮಾಡಿ, ಚರುಪು ತಿಂದು ಹೋಗುತ್ತಿದ್ದರು. ಒಂದು ವರ್ಷ ಗೋಡೆ ಖಾಲಿಯಾಗಿತ್ತು. ಮೇಷ್ಟರು ನನಗೆ ಏನೂ ಹೇಳಲಿಲ್ಲ. ಅವರ ಸೊಸೆ ಹೇಳಿದರು: ‘ಮಾವನವರು ಬರೆಯುತ್ತಾರೆ ಸಾರ್, ಬರೆದು ಗೋಡೆಯ ಕಡೆ ತಿರುಗಿಸಿಡುತ್ತಾರೆ. ಯಾರಿಗೂ ತೋರಿಸುವುದಿಲ್ಲ. ಊಟವೂ ಕಡಿಮೆಯಾಗಿದೆ. ಆಕಾಶಕ್ಕೆ ಇಷ್ಟೊಂದು ನೀಲಿ ಏಕೆ ಎಂದರೆ ಸಿಟ್ಟು ಬರುತ್ತದೆ.’

ಆ ಕೊನೆಯ ಮಾತಿನಲ್ಲೇ ಅರ್ಧ ರೋಗನಿದಾನವಿತ್ತು. ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಗಟ್ಟುತ್ತದೆ. ಪೊರೆ ಬಲಿತರೆ ಕಂದು ಬಣ್ಣಕ್ಕೂ ತಿರುಗುವುದುಂಟು. ಅದರ ಮೂಲಕ ನೀಲಿ ಮತ್ತು ನೇರಳೆ ಬೆಳಕು ಸರಿಯಾಗಿ ಒಳಗೆ ಹೋಗುವುದಿಲ್ಲ. ಬರೆಯುವವರು ಸಾಲದೆಂದು ಮತ್ತೆ ಮತ್ತೆ ನೀಲಿ ಬಳಿಯುತ್ತಾರೆ. ಈ ಬದಲಾವಣೆ ಎಷ್ಟು ನಿಧಾನವೆಂದರೆ ಸ್ವತಃ ಅವರಿಗೆ ಅದು ತಿಳಿಯುವುದೇ ಇಲ್ಲ.

ಇನ್ನು ಕೈನಡುಕ. ಎಲ್ಲ ನಡುಕವೂ ಪಾರ್ಕಿನ್‌ಸನ್ ಕಾಯಿಲೆಯಲ್ಲ. ಆ ಕಾಯಿಲೆಯಲ್ಲಿ ಕೈ ಸಾಮಾನ್ಯವಾಗಿ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗುತ್ತದೆ, ಬರಹ ಬರುಬರುತ್ತಾ ಚಿಕ್ಕದಾಗುತ್ತದೆ. ವಯಸ್ಸಾದವರಲ್ಲಿ ಹೆಚ್ಚು ಕಾಣುವುದು ಇನ್ನೊಂದು ಬಗೆ: ಕುಂಚವನ್ನೋ ಕಾಫಿ ಲೋಟವನ್ನೋ ಎತ್ತಿದಾಗ ಬರುವ ನಡುಕ. ಇದು ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿಯೂ ಬರುತ್ತದೆ. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀರಾ ಇಳಿಯುವುದು, ಉಬ್ಬಸದ ಕೆಲವು ಮಾತ್ರೆಗಳು, ಮಿತಿಮೀರಿದ ಕಾಫಿ ಇವೂ ಕಾರಣ. ಒಂದು ಹಾಳೆಯ ಮೇಲೆ ಸುರುಳಿ ಬರೆಯಲು ಹೇಳಿದರೆ ವೈದ್ಯರಿಗೆ ಬಹಳಷ್ಟು ತಿಳಿಯುತ್ತದೆ. ಇದಕ್ಕೆ ಟಾನಿಕ್ ಏನೂ ಮಾಡದು. ನಡುಕ ತಗ್ಗಿಸುವ ಔಷಧಿ ಉಂಟಾದರೂ ಅದರಲ್ಲಿ ಹೆಸರಾದುದು ಉಬ್ಬಸದವರಿಗೆ ಅಪಾಯಕಾರಿ. ನೆರೆಮನೆಯವರ ಚೀಟಿ ನೋಡಿ ತರಿಸಿಕೊಳ್ಳಬೇಡಿ.

ಮೇಷ್ಟರು ಉಬ್ಬಸದ ಮಾತ್ರೆಯನ್ನು ತಾವಾಗಿಯೇ ದಿನಕ್ಕೆ ಮೂರು ಬಾರಿ ನುಂಗುತ್ತಿದ್ದರು, ಮೇಲೆ ಐದು ಲೋಟ ಕಾಫಿ. ಮಾತ್ರೆ ಬಿಡಿಸಿ, ಬಾಯಿಯಿಂದ ಎಳೆದುಕೊಳ್ಳುವ ಔಷಧಿಗೆ ಬದಲಾಯಿಸಿದ ಮೇಲೆ ನಡುಕ ಇಳಿಯಿತು, ಪೂರ್ತಿ ಹೋಗಲಿಲ್ಲ. ಒಂದು ಕಣ್ಣಿನ ಪೊರೆ ತೆಗೆಸಿದರು. ಬಳಿಕ ಗೋಡೆಗೆ ತಿರುಗಿಸಿದ್ದ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿ, ‘ಇದು ಆಕಾಶವಲ್ಲ, ಇಂಕಿನ ಬಾಟಲಿ’ ಎಂದರಂತೆ. ಮುಂದಿನ ನವರಾತ್ರಿಗೆ ಹೊಸದೊಂದು, ಆ ಇಂಕಿನದೊಂದು, ಎರಡನ್ನೂ ತೂಗುಹಾಕಿದರು. ಇಂಕಿನ ಕುದುರೆಯೇ ಚೆನ್ನಾಗಿದೆ ಎಂದವರೂ ಇದ್ದರು, ನಾನೂ ಅವರಲ್ಲೊಬ್ಬ.

ರೇಸ್ ಕುದುರೆಗಳನ್ನು ಬರೆದು ಹೆಸರಾದ ಫ್ರಾನ್ಸಿನ ದೆಗಾ (1834–1917) ಎಂಬ ಚಿತ್ರಕಾರನಿಗೆ ಮೂವತ್ತೈದರ ಆಸುಪಾಸಿನಲ್ಲೇ ಕಣ್ಣಿನ ತೊಂದರೆ ಕಾಣಿಸಿಕೊಂಡಿತು. ಆ ಕಾಲದ ವೈದ್ಯರಿಗೆ ಅದನ್ನು ನಿಲ್ಲಿಸಲಾಗಲಿಲ್ಲ. ಆತ ಮೇಣದಲ್ಲೂ ಓಡುವ ಕುದುರೆಗಳನ್ನು ಮಾಡುತ್ತಿದ್ದ. ದೃಷ್ಟಿ ಮಂಜಾದಂತೆ ಬೆರಳುಗಳ ಈ ಕೆಲಸ ಅವನಿಗೆ ಒದಗಿಬಂತು. ಆದರೆ ಆ ಕುದುರೆಗಳನ್ನು ಬದುಕಿರುವವರೆಗೆ ಯಾವ ಪ್ರದರ್ಶನಕ್ಕೂ ಇಡಲಿಲ್ಲ. ಸತ್ತ ಮೇಲೆ ಅವನ ಕೋಣೆಯಲ್ಲಿ ಮೇಣ, ಜೇಡಿಮಣ್ಣಿನ ಸುಮಾರು 150 ಬೊಂಬೆಗಳು ಸಿಕ್ಕವು.

ಚಿತ್ರವನ್ನು ನಾಲ್ಕು ಜನರಿಗೆ ತೋರಿಸಿ ಎಂದು ನಾನು ಒತ್ತಿ ಹೇಳುವುದು ಹೊಗಳಿಕೆ ಸಿಗಲೆಂದಲ್ಲ. ವಯಸ್ಸಾದವರನ್ನು ಒಂಟಿತನ ಬೇಗ ಕುಗ್ಗಿಸುತ್ತದೆ. ತೋರಿಸುವುದನ್ನು ನಿಲ್ಲಿಸುವುದೇ ಖಿನ್ನತೆಯ ಮೊದಲ ಗುರುತಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಕಲೆಹಾಕಿ, ಕಲೆಯ ಒಡನಾಟದಿಂದ ಆರೋಗ್ಯಕ್ಕೆ ಉಪಯೋಗವಿದೆ ಎಂದು ವರದಿ ಮಾಡಿತು. ಅಲ್ಲದೆ ಬರೆಯುವವರಿಗೆ ಕಾಣದ್ದು ನೋಡುವವರಿಗೆ ಕಾಣುತ್ತದೆ. ಮನೆಯವರು ‘ಚೆನ್ನಾಗಿದೆ’ ಎಂದು ಒಳಗೆ ಹೋಗಿಬಿಡಬೇಡಿ, ಹೋದ ವರ್ಷದ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಬಣ್ಣ ಬದಲಾಗಿದೆಯೇ, ನೇರ ಗೆರೆಗಳು ಡೊಂಕಾಗಿವೆಯೇ? ಡೊಂಕು ಕಂಡರೆ ಅಕ್ಷಿಪಟಲವನ್ನು ಪರೀಕ್ಷಿಸಬೇಕು, ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಹೇಗೂ ಪರೀಕ್ಷಿಸಲೇಬೇಕು. ಇದ್ದಕ್ಕಿದ್ದಂತೆ ಹಾಳೆಯ ಎಡ ಅರ್ಧವನ್ನೇ ಖಾಲಿ ಬಿಟ್ಟರೆ, ಕುಂಚ ಕೈಯಿಂದ ಜಾರಿದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡಲು ಬರುತ್ತದೆ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಕನ್ನಡಕದ ಬಗ್ಗೆ ಒಂದು ಮಾತು. ಓದುವ ಕನ್ನಡಕ ಪತ್ರಿಕೆಯ ದೂರಕ್ಕೆ ಮಾಡಿದ್ದು, ಚಿತ್ರದ ಹಲಗೆ ಇರುವುದು ಒಂದು ತೋಳಿನಷ್ಟು ದೂರದಲ್ಲಿ. ಮೂಗಿನಿಂದ ಹಲಗೆಗೆ ಟೇಪು ಹಿಡಿದು ಅಳೆದು, ಆ ಅಳತೆಯನ್ನು ಕಣ್ಣು ಪರೀಕ್ಷಿಸುವವರಿಗೆ ಹೇಳಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಹಳೆಯ ಕಲಾವಿದರಲ್ಲಿ ಇನ್ನೂ ಇದೆ. ಕೆಲವು ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವುದರಿಂದ ಅದನ್ನು ಇವತ್ತೇ ಬಿಡಿ. ಕಾಫಿ ಲೋಟವನ್ನು ಕುಂಚ ತೊಳೆಯುವ ಲೋಟದಿಂದ ದೂರವಿಡಿ.