‘ಹೆಗ್ಗಡೆ’ ಎಂಬ ಅಡ್ಡಹೆಸರಿನ ಮೂಲವೂ ಪ್ರಸಾರವೂ

ಮನೆತನದ ಹೆಸರುಗಳಲ್ಲಿ ಕೆಲವು ಊರಿನಿಂದಲೂ ಕೆಲವು ಕಸುಬಿನಿಂದಲೂ ಮತ್ತೆ ಕೆಲವು ಅಧಿಕಾರಸ್ಥಾನದಿಂದಲೂ ಹುಟ್ಟಿದವು. ಕಡೆಯ ವರ್ಗಕ್ಕೆ ಸೇರಿದ ‘ಹೆಗ್ಗಡೆ’ ಎಂಬ ಶಬ್ದವನ್ನು ಶಾಸನದಲ್ಲಿ ಕಂಡೊಡನೆ ಆ ಪುರುಷನ ಜಾತಿಯನ್ನು ಊಹಿಸುವುದುಂಟು. ಅಂತಹ ಊಹೆಗೆ ಈ ಶಬ್ದವು ಆಧಾರವಾಗಬಲ್ಲುದೇ ಎಂಬುದು ವಿಚಾರಣೀಯ.

ಹಳಗನ್ನಡದಲ್ಲಿ ಇದರ ರೂಪ ‘ಪೆರ್ಗಡೆ’. ಪೂರ್ವಪದವು ‘ಪಿರಿದು’ ಎಂಬುದರ ಸಮಾಸರೂಪವಾದ ‘ಪೆರ್’. ಪೆರ್ಮರವು ಹೆಮ್ಮರವೂ ಪೆರ್ಬಾಗಿಲು ಹೆಬ್ಬಾಗಿಲೂ ಆದಂತೆ, ಪಕಾರವು ಹಕಾರವಾಗಿ, ರೇಫೆಯು ಮುಂದಣ ವ್ಯಂಜನದೊಡನೆ ಸವರ್ಣವಾಗಿ, ಪೆರ್ಗಡೆಯು ಹೆಗ್ಗಡೆಯಾಯಿತು. ಪಕಾರವನ್ನು ಉಳಿಸಿಕೊಂಡ ತುಳುನಾಡಿನಲ್ಲಿ ಹಳೆಯ ರೂಪವೇ ನಿಂತಿತು. ಧರ್ಮಸ್ಥಳದ ಸ್ಥಳಕಥೆಯಲ್ಲಿ ಬರುವ ಬಿರ್ಮಣ್ಣ ಪೆರ್ಗಡೆಯ ಹೆಸರು ಇದಕ್ಕೆ ನಿದರ್ಶನ. ತೆಲುಗಿನಲ್ಲಿ ಇದೇ ‘ಪ್ರೆಗ್ಗಡ’ ಎಂದಾಯಿತು. ಆಂಧ್ರ ಮಹಾಭಾರತದ ಅರಣ್ಯಪರ್ವವನ್ನು ಪೂರೈಸಿದ 14ನೆಯ ಶತಮಾನದ ಕವಿ ಎರ್ರಾಪ್ರಗಡನ ಹೆಸರಿನ ಉತ್ತರಾರ್ಧವು ಇದೇ.

ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಅರಮನೆಯ ಮೇಲ್ವಿಚಾರಕನು ‘ಮನೆವೆರ್ಗಡೆ’. ತೆರಿಗೆಯ ಅಧಿಕಾರಿಯು ‘ಸುಂಕವೆರ್ಗಡೆ’. ಇಲ್ಲಿ ಶಬ್ದವು ಪದವಿಯನ್ನು ಹೇಳುತ್ತದೆಯೇ ಹೊರತು ಕುಲವನ್ನಲ್ಲ. ಪದವಿಯು ವಂಶಪಾರಂಪರ್ಯವಾಗಿ ಬಂದೆಡೆಗಳಲ್ಲಿ ಅದು ಮನೆತನದ ಹೆಸರಾಯಿತು. ಅಧಿಕಾರವು ಅಳಿದರೂ ಹೆಸರು ಉಳಿಯಿತು.

ಈಗಿನ ಪ್ರಸಾರವನ್ನು ನೋಡಿದರೆ ಈ ಮಾತು ಮತ್ತಷ್ಟು ಸ್ಪಷ್ಟವಾಗುವುದು. ಉತ್ತರ ಕನ್ನಡದ ಹವ್ಯಕ ಬ್ರಾಹ್ಮಣರು ‘ಹೆಗಡೆ’ ಎಂದೂ ತುಳುನಾಡಿನ ಬಂಟರು ‘ಹೆಗ್ಡೆ’ ಎಂದೂ ಧರ್ಮಸ್ಥಳದ ಜೈನ ಧರ್ಮಾಧಿಕಾರಿಗಳು ‘ಹೆಗ್ಗಡೆ’ ಎಂದೂ ಬರೆಯುವರು. ಕೊಡಗಿನಲ್ಲಿ ಹೆಗ್ಗಡೆಯೆಂಬುದು ಒಂದು ಸಮುದಾಯದ ಹೆಸರೇ ಆಗಿದೆ. 1983ರಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದ ರಾಮಕೃಷ್ಣ ಹೆಗಡೆಯವರು ಹವ್ಯಕರು. 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದ ಕೆ. ಎಸ್. ಹೆಗ್ಡೆಯವರು ಬಂಟರು. ಹೆಸರು ಒಂದೇ, ಕುಲ ಬೇರೆ.

ಇಂತಹುದು ನಮ್ಮಲ್ಲಿ ಮಾತ್ರವೇ ಅಲ್ಲ. ಜರ್ಮನ್ ದೇಶದಲ್ಲಿ ಬಹಳ ಪ್ರಚಲಿತವಾದ ‘ಮೈಯರ್’ ಎಂಬ ಅಡ್ಡಹೆಸರು, ಹೆಚ್ಚಿನವನು ಎಂಬರ್ಥದ ಲ್ಯಾಟಿನ್ ‘ಮಾಯೊರ್’ ಶಬ್ದದಿಂದ ಬಂದದ್ದು. ಅದೂ ಮೊದಲು ಪ್ರಭುವಿನ ಭೂಮಿಕಾಣಿಗಳನ್ನು ನೋಡಿಕೊಳ್ಳುವ ಅಧಿಕಾರಿಯ ಹೆಸರು. ಅನಂತರ ಪರಸ್ಪರ ಸಂಬಂಧವಿಲ್ಲದ ಅನೇಕ ಕುಟುಂಬಗಳ ಹೆಸರಾಯಿತು. ಪ್ರಾಂತಭೇದದಿಂದ ಅದರ ಅಕ್ಷರವಿನ್ಯಾಸವೂ ನಾನಾ ವಿಧ. ಹಿರಿಮೆಯನ್ನು ಹೇಳುವ ಶಬ್ದವು ಪದವಿಯಾಗಿ, ಪದವಿಯು ಮನೆಯ ಹೆಸರಾದ ಕ್ರಮವು ಎರಡು ದೇಶಗಳಲ್ಲಿಯೂ ಸಮಾನವೇ.

ಆದುದರಿಂದ ಶಾಸನಗಳನ್ನು ಸಂಪಾದಿಸುವವರೂ ಪಾಠ ಹೇಳುವವರೂ ‘ಹೆಗ್ಗಡೆ’ ಎಂಬಲ್ಲಿ ಮೊದಲು ಅಧಿಕಾರಿಯನ್ನು ಕಾಣತಕ್ಕದ್ದು. ಅವನ ಕುಲವನ್ನು ತಿಳಿಯಬೇಕಾದರೆ ಅದೇ ಶಾಸನವು ಹೇಳುವ ಗೋತ್ರ, ವಂಶಾವಳಿ, ಗುರುಪರಂಪರೆಗಳೇ ಪ್ರಮಾಣ. ಅವು ಇಲ್ಲದಿದ್ದಲ್ಲಿ ಆ ಪ್ರಶ್ನೆಯನ್ನು ನಿರ್ಣಯಿಸದೆ ಬಿಡುವುದೇ ವಿಹಿತ.