ನರನೋವಿಗೆ ಖಿನ್ನತೆಯ ಮಾತ್ರೆ: ಹೆದರಿಕೆ ಬೇಡ, ಎಚ್ಚರ ಇರಲಿ

ಅಂಗಾಲಿಗೆ ಮೆಣಸಿನಪುಡಿ ಸವರಿದಂಥ ಉರಿ. ರಾತ್ರಿ ಹೊದಿಕೆ ತಾಗಿದರೂ ಚುಳ್ ಎನ್ನುವ ನೋವು. ಕೂತು ಎದ್ದರೆ ಸೊಂಟದಿಂದ ಹಿಮ್ಮಡಿಯವರೆಗೆ ಕರೆಂಟ್ ಹೊಡೆದ ಹಾಗೆ. ಇವತ್ತು ಹೋಗುತ್ತೆ, ನಾಳೆ ಹೋಗುತ್ತೆ ಅಂತ ತಿಂಗಳುಗಟ್ಟಲೆ ಸಹಿಸಿಕೊಂಡು ಕೊನೆಗೂ ಡಾಕ್ಟರ ಬಳಿ ಹೋಗುತ್ತೀರಿ. ಅವರು ಪರೀಕ್ಷೆ ಮಾಡಿ, "ಇದು ನರದ ನೋವು. ರಾತ್ರಿ ಇದೊಂದು ಸಣ್ಣ ಮಾತ್ರೆ ತಗೊಳ್ಳಿ" ಅಂತ ಚೀಟಿ ಬರೆದುಕೊಡುತ್ತಾರೆ. ಮನೆಗೆ ಬಂದು ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಎದೆ ಧಸಕ್ ಎನ್ನುತ್ತದೆ. 'ಖಿನ್ನತೆಗೆ ಕೊಡುವ ಔಷಧಿ' ಅಂತ ಇದೆ!

"ಕಾಲು ಉರಿ ಅಂತ ಹೋದರೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರಲ್ಲಪ್ಪ" ಎಂದು ಗಾಬರಿಯಾಗುವುದು ಸಹಜ. ಅದಕ್ಕಿಂತ ಹೆಚ್ಚಾಗಿ, 'ನಾನು ಸುಳ್ಳು ನೋವು ಹೇಳಿಕೊಳ್ಳುತ್ತಿದ್ದೇನೆ ಅಂತ ಡಾಕ್ಟರು ತಿಳಿದುಕೊಂಡರೇ?' ಎಂಬ ಅನುಮಾನ ಕೊರೆಯುತ್ತದೆ. ಹೆಂಗಸರ ನೋವನ್ನು "ಎಲ್ಲಾ ಮನಸ್ಸಿನದು" ಅಂತ ತಳ್ಳಿಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಮೊದಲೇ ಇದೆ. ಈಗ ಮಾತ್ರೆಯೂ ಅದನ್ನೇ ಹೇಳಿದಂತಾಯಿತು! ಹೀಗಾಗಿ ಆ ಸ್ಟ್ರಿಪ್ ಬೇಳೆ ಡಬ್ಬಿಯ ಹಿಂದೆ ಸೇರುತ್ತದೆ. ನೋವು ಮಾತ್ರ ಹಾಗೇ ಉಳಿಯುತ್ತದೆ.

ನಿಜ ಸಂಗತಿ ಬೇರೆಯೇ ಇದೆ. ಸ್ವಲ್ಪ ಸಮಾಧಾನವಾಗಿ ನೋಡೋಣ.

ಇದು ಮಾಮೂಲಿ ನೋವಲ್ಲ

ಈಳಿಗೆ ಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ನೋವಾಗುತ್ತದೆ. ಆ ಗಾಯದ ಸುದ್ದಿಯನ್ನು ನರಗಳು ಮಿದುಳಿಗೆ ಮುಟ್ಟಿಸುತ್ತವೆ. ಗಾಯ ಮಾಯುತ್ತದೆ, ನೋವೂ ಹೋಗುತ್ತದೆ. ಆದರೆ ಸುದ್ದಿ ಮುಟ್ಟಿಸುವ ನರಕ್ಕೇ ಪೆಟ್ಟಾದರೆ? ಮನೆಯ ಕಾಲಿಂಗ್ ಬೆಲ್ ಕೆಟ್ಟು ಹೋದಾಗ ಏನಾಗುತ್ತದೆ, ಯೋಚಿಸಿ. ಬಾಗಿಲಲ್ಲಿ ಯಾರೂ ಇರುವುದಿಲ್ಲ, ಬೆಲ್ ಮಾತ್ರ ಕಿರ್ರೆಂದು ಹೊಡೆದುಕೊಳ್ಳುತ್ತಲೇ ಇರುತ್ತದೆ. ನರನೋವು ಹಾಗೆ. ಹೊರಗೆ ಗಾಯ ಕಾಣದು, ಊತ ಇರದು. ಆದರೆ ನೋವು ನೂರಕ್ಕೆ ನೂರು ನಿಜ.

ಸಕ್ಕರೆ ಕಾಯಿಲೆಯವರಿಗೆ ಬರುವ ಪಾದದ ಉರಿ ಮತ್ತು ಜೋಮು, ಸರ್ಪಸುತ್ತು ವಾಸಿಯಾದ ಮೇಲೂ ಅದೇ ಜಾಗದಲ್ಲಿ ಉಳಿಯುವ ಉರಿ, ಅಪಘಾತ ಅಥವಾ ಆಪರೇಷನ್ ನಂತರ ನರಕ್ಕೆ ಪೆಟ್ಟಾಗಿ ಬರುವ ನೋವು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಊತ ಇಳಿಸುವ ಮಾಮೂಲಿ ನೋವಿನ ಮಾತ್ರೆಗಳು ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆದರೂ ಮೆಡಿಕಲ್ ಶಾಪಿನಿಂದ ತಂದು ತಂದು ನುಂಗುತ್ತೇವೆ. ನೋವು ಹೋಗದು, ಹೊಟ್ಟೆ ಮತ್ತು ಕಿಡ್ನಿ ಹಾಳಾಗುವ ಅಪಾಯ ಬೇರೆ.

ಖಿನ್ನತೆಯ ಔಷಧಿಗೂ ಕಾಲುರಿಗೂ ಏನು ಸಂಬಂಧ?

ನಮ್ಮ ಮಿದುಳಿಗೆ ನೋವನ್ನು ತಿಳಿಯುವುದು ಮಾತ್ರವಲ್ಲ, ನೋವನ್ನು ತಗ್ಗಿಸುವುದೂ ಗೊತ್ತು. ಬೆನ್ನುಹುರಿಯ ಮೂಲಕ "ಸಾಕು, ಇನ್ನು ಸುದ್ದಿ ಕಳಿಸಬೇಡ" ಎಂದು ಅದು ಕೆಳಗೆ ಆಜ್ಞೆ ಕಳಿಸುತ್ತದೆ. ಈ ಆಜ್ಞೆಯನ್ನು ಒಯ್ಯುವ ರಾಸಾಯನಿಕಗಳಲ್ಲಿ ಮುಖ್ಯವಾದವು ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್. ಮನಸ್ಸಿನ ಉಲ್ಲಾಸಕ್ಕೆ ಸಂಬಂಧಪಟ್ಟವೂ ಇವೇ. ಖಿನ್ನತೆಯ ಕೆಲವು ಔಷಧಿಗಳು ಇವು ಬೇಗ ಹೀರಿಹೋಗದಂತೆ ತಡೆಯುತ್ತವೆ. ಆಗ ಮಿದುಳಿನ "ಸಾಕು" ಎಂಬ ಮಾತು ಜೋರಾಗಿ ಕೇಳಿಸುತ್ತದೆ, ಬೆಲ್ಲಿನ ಸದ್ದು ತಗ್ಗುತ್ತದೆ. ಅಷ್ಟೇ!

ಖಿನ್ನತೆ ಸ್ವಲ್ಪವೂ ಇಲ್ಲದವರಿಗೂ ಇದರಿಂದ ನೋವು ಕಡಿಮೆಯಾಗುತ್ತದೆ ಎಂಬುದನ್ನು ವೈದ್ಯರು ಹಲವು ದಶಕಗಳಿಂದ ಕಂಡಿದ್ದಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮಿಟ್ರಿಪ್ಟಿಲಿನ್. 1961ರಲ್ಲಿ ಅಮೆರಿಕದಲ್ಲಿ ಖಿನ್ನತೆಗೆಂದು ಮಾರುಕಟ್ಟೆಗೆ ಬಂದ ಹಳೆಯ, ಅಗ್ಗದ ಔಷಧಿ. ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಸೂತ್ರ ಹಾಕಿಕೊಡುವ 'ನೈಸ್' ಸಂಸ್ಥೆ 2013ರಲ್ಲಿ ನರನೋವಿಗೆ ಮೊದಲು ಕೊಡಬಹುದಾದ ನಾಲ್ಕು ಔಷಧಿಗಳನ್ನು ಹೆಸರಿಸಿತು: ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಗ್ಯಾಬಾಪೆಂಟಿನ್, ಪ್ರೆಗಬಾಲಿನ್. ಇವುಗಳಲ್ಲಿ ಮೊದಲೆರಡು ಖಿನ್ನತೆಯ ಔಷಧಿಗಳೇ! ಕೆನ್ನೆ, ದವಡೆಯಲ್ಲಿ ಮಿಂಚು ಹೊಡೆದಂತೆ ಬರುವ 'ಟ್ರೈಜೆಮಿನಲ್' ನರನೋವಿಗೆ ಮಾತ್ರ ಬೇರೆ ಔಷಧಿ, ಕಾರ್ಬಮಜೆಪಿನ್.

ಒಂದು ಔಷಧಿ ಎರಡು ಕೆಲಸ ಮಾಡುವುದು ನಮಗೆ ಹೊಸದೇನೂ ಅಲ್ಲ. ಜ್ವರ, ತಲೆನೋವಿಗೆ ನುಂಗುತ್ತಿದ್ದ ಆಸ್ಪಿರಿನ್ನನ್ನೇ ಈಗ 75 ಮಿಲಿಗ್ರಾಂನ ಚಿಕ್ಕ ಡೋಸಿನಲ್ಲಿ ಹೃದಯದ ಕಾಯಿಲೆ ಇರುವವರಿಗೆ ಕೊಡುತ್ತಾರೆ. ಅವರನ್ನು ನೋಡಿ "ನಿಮಗೆ ದಿನಾ ಜ್ವರವೇ?" ಅಂತ ಯಾರೂ ಕೇಳುವುದಿಲ್ಲ, ಅಲ್ಲವೇ?

ಡೋಸಿನಲ್ಲಿ ಇದೆ ವ್ಯತ್ಯಾಸ

ಖಿನ್ನತೆಗೆ ಅಮಿಟ್ರಿಪ್ಟಿಲಿನ್ ಕೊಡುವಾಗ ದಿನಕ್ಕೆ ಸಾಮಾನ್ಯವಾಗಿ 75ರಿಂದ 150 ಮಿಲಿಗ್ರಾಂ ಬೇಕಾಗುತ್ತದೆ. ನರನೋವಿಗೆ ರಾತ್ರಿ ಹೊತ್ತು ಬರೀ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಬೇಕಾದರೆ ನಿಧಾನವಾಗಿ ಏರಿಸುತ್ತಾರೆ. ಅನೇಕರಿಗೆ 25 ಮಿಲಿಗ್ರಾಂ ಆಸುಪಾಸಿನಲ್ಲೇ ಆರಾಮ ಸಿಗುತ್ತದೆ. ಅದರ ತಂಗಿಯಂತಿರುವ ನಾರ್‌ಟ್ರಿಪ್ಟಿಲಿನ್ ಕೂಡ ಹೀಗೇ. ನಮ್ಮಲ್ಲಿ ಪ್ರೆಗಬಾಲಿನ್ ಜೊತೆ 10 ಮಿಲಿಗ್ರಾಂ ನಾರ್‌ಟ್ರಿಪ್ಟಿಲಿನ್ ಸೇರಿಸಿದ ಮಾತ್ರೆಗಳು ತುಂಬಾ ಬಳಕೆಯಲ್ಲಿವೆ. ಸ್ಟ್ರಿಪ್ಪಿನ ಹಿಂದೆ ಓದಿ ನೋಡಿ. ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧಿ ಬರೆದಿದ್ದರೆ ಅದು ಗೊತ್ತಾಗುವುದು ಅಲ್ಲೇ.

ಡುಲಾಕ್ಸೆಟಿನ್ ವಿಷಯ ಸ್ವಲ್ಪ ಬೇರೆ. 2004ರಲ್ಲಿ ಅಮೆರಿಕದಲ್ಲಿ ಖಿನ್ನತೆಗೂ ಸಕ್ಕರೆ ಕಾಯಿಲೆಯ ನರನೋವಿಗೂ ಒಪ್ಪಿಗೆ ಪಡೆದ ಈ ಔಷಧಿಯ ಡೋಸ್ ಎರಡಕ್ಕೂ ಹೆಚ್ಚು ಕಡಿಮೆ ಒಂದೇ, ದಿನಕ್ಕೆ 60 ಮಿಲಿಗ್ರಾಂ. ಸಾಮಾನ್ಯವಾಗಿ 30ರಿಂದ ಶುರು ಮಾಡುತ್ತಾರೆ. ಖಿನ್ನತೆಯ ಎಲ್ಲ ಮಾತ್ರೆಗಳೂ ನೋವಿಗೆ ಆಗುತ್ತವೆ ಅಂತಲೂ ಅಲ್ಲ. ಆದ್ದರಿಂದ ಪಕ್ಕದ ಮನೆಯವರ ಮಾತ್ರೆ ಎರವಲು ತರುವ ಮಾತೇ ಬೇಡ.

ನಮ್ಮ ಮನೆಯಲ್ಲಿ ಕಂಡದ್ದು

ನಮ್ಮತ್ತೆಗೆ ಅರವತ್ತೆಂಟನೇ ವಯಸ್ಸಿನಲ್ಲಿ ಸರ್ಪಸುತ್ತು ಆಯಿತು. ಬೆನ್ನಿನ ಎಡಭಾಗದಿಂದ ಎದೆಯ ಕೆಳಗಿನವರೆಗೆ ಗುಳ್ಳೆಗಳು. ಮೂರು ವಾರದಲ್ಲಿ ಗುಳ್ಳೆ ಒಣಗಿದವು, ಉರಿ ಹೋಗಲಿಲ್ಲ. ರವಿಕೆ ತಾಗಿದರೆ ಸಾಕು, ಕಣ್ಣಲ್ಲಿ ನೀರು. ದಿನಾ ಸಂಜೆ ದೇವಸ್ಥಾನಕ್ಕೆ ಹೋಗುತ್ತಿದ್ದವರು ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದರು. ರಾತ್ರಿಯಿಡೀ ಹಾಲಿನಲ್ಲಿ ಅಡ್ಡಾಡುತ್ತಿದ್ದರು.

ಡಾಕ್ಟರು ಇಸಿಜಿ ಮಾಡಿಸಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದರು. ಸುದ್ದಿ ತಿಳಿದ ನೆಂಟರೊಬ್ಬರು ಫೋನಿನಲ್ಲಿ, "ಈ ವಯಸ್ಸಲ್ಲಿ ಅಮ್ಮನಿಗೆ ಹುಚ್ಚಿನ ಮಾತ್ರೆ ಕೊಡ್ತಿದೀರಾ?" ಅಂದರು. ಪಕ್ಕದಲ್ಲೇ ಇದ್ದ ಅತ್ತೆಗೆ ಕೇಳಿಸಿತು. ಅವರು ನನ್ನ ಕಡೆ ತಿರುಗಿ, "ಹುಚ್ಚು ಹಿಡಿಸೋದು ಮಾತ್ರೆಯಲ್ಲ ಕಣೇ, ಈ ನೋವು. ಕೊಡು ಇಲ್ಲಿ" ಅಂದು ನುಂಗಿದರು!

ಮೊದಲ ವಾರ ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಅಂತ ಗೊಣಗಿದರು. ಮೂರನೇ ವಾರದಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕರವರೆಗೆ ಎಚ್ಚರವಿಲ್ಲದೆ ಮಲಗಿದರು. ಎರಡು ತಿಂಗಳಿಗೆ ಉರಿ ಅರ್ಧಕ್ಕೆ ಇಳಿಯಿತು. ಪೂರ್ತಿ ಹೋಯಿತೇ ಅಂದರೆ ಇಲ್ಲ. ಆದರೆ ಸಡಿಲವಾದ ಹತ್ತಿಯ ರವಿಕೆ ತೊಟ್ಟು ದೇವಸ್ಥಾನಕ್ಕೆ ಹೊರಟರು. ನಮಗೆ ಅಷ್ಟು ಸಾಕಾಗಿತ್ತು.

ಪವಾಡ ಅಲ್ಲ, ತಾಳ್ಮೆ ಬೇಕು

ಇದು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ನಿದ್ದೆ ಮೊದಲ ವಾರದಲ್ಲೇ ಸುಧಾರಿಸಬಹುದು. ನೋವು ಇಳಿಯಲು ಎರಡರಿಂದ ಆರು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ "ಏನೂ ಪ್ರಯೋಜನವಿಲ್ಲ" ಎಂದು ಬಿಟ್ಟವರೇ ಹೆಚ್ಚು. ಹಾಗಂತ ಎಲ್ಲರಿಗೂ ಹಿಡಿಸುತ್ತದೆ ಅಂತಲೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ 'ಲ್ಯಾನ್ಸೆಟ್ ನ್ಯೂರಾಲಜಿ' ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ಗುಂಪಿನ ಹಳೆಯ ಔಷಧಿಗಳನ್ನು ಸುಮಾರು ನಾಲ್ವರಿಗೆ ಕೊಟ್ಟರೆ, ಔಷಧಿಯಿಲ್ಲದ ಬರೀ ಮಾತ್ರೆ ಕೊಟ್ಟಾಗ ಸಿಗುವುದಕ್ಕಿಂತ ಹೆಚ್ಚಾಗಿ ಒಬ್ಬರಿಗೆ ನೋವು ಅರ್ಧದಷ್ಟಾದರೂ ಇಳಿಯುತ್ತದೆ. ನಿಮಗೆ ಹಿಡಿಸದಿದ್ದರೆ ಅದು ನಿಮ್ಮ ತಪ್ಪಲ್ಲ. ಡಾಕ್ಟರು ಬೇರೆ ಔಷಧಿಗೆ ಬದಲಿಸುತ್ತಾರೆ ಅಥವಾ ಇನ್ನೊಂದನ್ನು ಸೇರಿಸುತ್ತಾರೆ.

ಒಂದು ಮುಖ್ಯ ಮಾತು. ಉರಿ, ಜೋಮಿಗೆ ಬಿ12 ಜೀವಸತ್ವದ ಕೊರತೆಯೂ ಕಾರಣ ಇರಬಹುದು. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರಲ್ಲಿ ಈ ಕೊರತೆ ಜಾಸ್ತಿ. ಥೈರಾಯ್ಡ್ ತೊಂದರೆಯೂ ಹೀಗೆ ಕಾಡಬಹುದು. ಆದ್ದರಿಂದ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಮೂಲ ಕಾರಣ ಬಿಟ್ಟು ಬರೀ ನೋವು ಮುಚ್ಚಿದರೆ ಏನು ಬಂತು?

ಸಣ್ಣಪುಟ್ಟ ತೊಂದರೆಗೆ ಮನೆಯಲ್ಲೇ ಉಪಾಯ

* ಬೆಳಿಗ್ಗೆ ಮಂಪರು: ಮಲಗುವಾಗ ನುಂಗುವ ಬದಲು ರಾತ್ರಿ ಎಂಟರ ಹೊತ್ತಿಗೆ ನುಂಗಬಹುದೇ ಅಂತ ಡಾಕ್ಟರನ್ನು ಕೇಳಿ. ಮಂಪರು ಇರುವಷ್ಟು ದಿನ ಸ್ಕೂಟಿ ಓಡಿಸಬೇಡಿ.

* ಬಾಯಿ ಒಣಗುವುದು: ಆಗಾಗ ಗುಟುಕು ನೀರು ಕುಡಿಯಿರಿ, ಒಂದು ಏಲಕ್ಕಿ ಬಾಯಲ್ಲಿಟ್ಟುಕೊಳ್ಳಿ. ಪೆಪ್ಪರ್‌ಮಿಂಟ್ ಚೀಪುತ್ತಾ ಕೂತರೆ ಹಲ್ಲು ಹುಳುಕಾದೀತು, ಸಕ್ಕರೆಯೂ ಏರೀತು.

* ಮಲಬದ್ಧತೆ: ಸೊಪ್ಪು, ಬಾಳೆದಿಂಡಿನ ಪಲ್ಯ, ಸೀಬೆಹಣ್ಣು, ಸಾಕಷ್ಟು ನೀರು.

* ತಲೆ ಸುತ್ತು: ಹಾಸಿಗೆಯಿಂದ ದಿಢೀರನೆ ಏಳಬೇಡಿ. ಒಂದು ನಿಮಿಷ ಅಂಚಿನಲ್ಲಿ ಕೂತು ಆಮೇಲೆ ನಿಲ್ಲಿ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಇರಲಿ.

* ತೂಕ: ತಿಂಗಳಿಗೊಮ್ಮೆ ನೋಡಿಕೊಳ್ಳಿ. ಕೆಲವರಿಗೆ ಹಸಿವೆ ಜಾಸ್ತಿಯಾಗುತ್ತದೆ.

ಡುಲಾಕ್ಸೆಟಿನ್ ಆದರೆ ಮೊದಮೊದಲು ವಾಕರಿಕೆ ಬರುವುದುಂಟು. ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ಎದೆ ಜೋರಾಗಿ ಬಡಿದುಕೊಂಡರೆ, ಮೂರ್ಛೆ ಬಂದರೆ, ಮೂತ್ರ ಕಟ್ಟಿದರೆ, ಕಣ್ಣು ಕೆಂಪಾಗಿ ನೋಯುತ್ತಾ ಮಂಜಾದರೆ ಅಥವಾ ವಯಸ್ಸಾದವರು ಏನೇನೋ ಗೊಂದಲದ ಮಾತಾಡಿದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಡಾಕ್ಟರಿಗೆ ಇದನ್ನೆಲ್ಲ ಮೊದಲೇ ಹೇಳಿ

ಹೃದಯಾಘಾತ ಆಗಿದ್ದರೆ, ಎದೆಬಡಿತದ ಏರುಪೇರು ಇದ್ದರೆ, ಗ್ಲಾಕೋಮಾ, ಫಿಟ್ಸ್, ಲಿವರ್ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ದರೆ, ಗಂಡಸರಲ್ಲಿ ಪ್ರಾಸ್ಟೇಟ್ ತೊಂದರೆ ಇದ್ದರೆ ಮುಚ್ಚಿಡಬೇಡಿ. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಅದನ್ನೂ ಹೇಳಿ. ಟ್ರಮಡಾಲ್ ಎಂಬ ನೋವಿನ ಮಾತ್ರೆ, ನಿದ್ದೆ ಮಾತ್ರೆ, ಖಿನ್ನತೆಯ ಬೇರೆ ಮಾತ್ರೆ, ನೆಗಡಿ ಮಾತ್ರೆ, ನಾಟಿ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ತಿಳಿಸಿ. ಕೆಲವು ಒಟ್ಟಿಗೆ ಸೇರಿದರೆ ಅಪಾಯ.

ಇದು ಚಟ ಹಿಡಿಸುವ ಮಾತ್ರೆ ಅಲ್ಲ. ಆದರೆ ದೇಹ ಒಗ್ಗಿಕೊಂಡಿರುತ್ತದೆ. ಆದ್ದರಿಂದ ನೋವು ಕಡಿಮೆಯಾಯಿತು ಅಂತಲೋ, ಮದುವೆ ಮನೆಗೆ ಹೋಗುವಾಗ ಮರೆತೆ ಅಂತಲೋ ದಿಢೀರನೆ ನಿಲ್ಲಿಸಬೇಡಿ. ಹಾಗೆ ಮಾಡಿದರೆ ತಲೆನೋವು, ವಾಕರಿಕೆ, ಚಡಪಡಿಕೆ, ನಿದ್ದೆಗೇಡು ಬರಬಹುದು. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಒಂದು ರಾತ್ರಿ ಮರೆತರೆ ಮರುದಿನ ಎರಡು ನುಂಗಬೇಡಿ.

ಇನ್ನು, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಮಾತ್ರೆಯನ್ನು ಬೀಗದೊಳಗೇ ಇಡಿ. ನಿಮಗೆ ಸಣ್ಣ ಡೋಸ್ ಆದರೂ ಅಮಿಟ್ರಿಪ್ಟಿಲಿನ್‌ನ ಕೆಲವೇ ಮಾತ್ರೆಗಳು ಮಗುವಿನ ಹೃದಯಕ್ಕೆ ಪ್ರಾಣಾಪಾಯ ತರಬಲ್ಲವು. ಅಜ್ಜಿಯ ದಿಂಬಿನಡಿ, ಫ್ರಿಜ್ ಮೇಲೆ, ವ್ಯಾನಿಟಿ ಬ್ಯಾಗಿನಲ್ಲಿ ಬಿಡಬೇಡಿ.

ಮನೆಯವರಿಗೆ ಏನು ಹೇಳುವುದು?

ಮುಚ್ಚಿಟ್ಟರೆ ಅನುಮಾನ ಬೆಳೆಯುತ್ತದೆ. "ಇದು ನರದ ನೋವಿಗೆ ಕೊಟ್ಟಿರೋ ಮಾತ್ರೆ. ಜಾಸ್ತಿ ಡೋಸಲ್ಲಿ ಖಿನ್ನತೆಗೂ ಕೊಡ್ತಾರೆ" ಅಂತ ಎರಡೇ ಮಾತಿನಲ್ಲಿ ಹೇಳಿಬಿಡಿ. ಮುಂದಿನ ಸಲ ಯಜಮಾನರನ್ನೋ ಮಗಳನ್ನೋ ಡಾಕ್ಟರ ಬಳಿ ಜೊತೆಗೆ ಕರೆದೊಯ್ಯಿರಿ. ಡಾಕ್ಟರ ಬಾಯಿಂದ ಕೇಳಿದರೆ ಅವರಿಗೂ ನಂಬಿಕೆ ಬರುತ್ತದೆ.

ಹಾಗೆಯೇ, ವರ್ಷಗಟ್ಟಲೆ ನೋವು ತಿಂದವರಿಗೆ ಮನಸ್ಸು ಕುಗ್ಗುವುದೂ ಉಂಟು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಅದರಲ್ಲೂ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಹಾಗನ್ನಿಸಿದರೆ, ಕೂಡಲೇ ಡಾಕ್ಟರಿಗೆ ಹೇಳಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಕೊನೆಗೊಂದು ಸಣ್ಣ ಕೆಲಸ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ದಿನಾ ರಾತ್ರಿ ನಿಮ್ಮ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ. ಎಷ್ಟು ಗಂಟೆ ನಿದ್ದೆ ಬಂತು ಅಂತಲೂ ಬರೆಯಿರಿ. ಆರು ವಾರದ ನಂತರ ಅದನ್ನು ಡಾಕ್ಟರ ಮುಂದಿಡಿ. ಮಾತ್ರೆ ಮುಂದುವರಿಸಬೇಕೋ, ಏರಿಸಬೇಕೋ, ಬದಲಿಸಬೇಕೋ ಎಂಬುದು ಆ ಅಂಕಗಳಿಂದಲೇ ತಿಳಿಯುತ್ತದೆ, ಮಾತ್ರೆಯ ಹೆಸರಿನಿಂದಲ್ಲ.