ಚೌಳುನೆಲದಲ್ಲಿ ಗೋಧಿಯ ಪರೀಕ್ಷೆ

ದಿಲ್ಲಿಯಿಂದ ಉತ್ತರಾಭಿಮುಖವಾಗಿ ಹೊರಟು, ಪಾಣಿಪತ್ತನ್ನು ದಾಟಿ, ಹರಿಯಾಣದ ಸಮತಲಭೂಮಿಯಲ್ಲಿ ಮುಂದುವರಿದರೆ ದೊರೆಯುವ ಕರ್ನಾಲ್ ನಗರದಲ್ಲಿ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಆಶ್ರಯದಲ್ಲಿ ನಡೆಯುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯುಂಟು. 1969ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು, ಬಿತ್ತಿದ ಬೀಜವನ್ನೂ ಮರಳಿ ಕೊಡಲಾರದ ನೆಲಗಳನ್ನೇ ತನ್ನ ಅಧ್ಯಯನದ ವಿಷಯವನ್ನಾಗಿ ಆರಿಸಿಕೊಂಡಿತು. ಲವಣದಿಂದಲೋ ಕ್ಷಾರದಿಂದಲೋ ಕೆಟ್ಟ ಭೂಮಿ ನಮ್ಮ ದೇಶದಲ್ಲಿ ಸುಮಾರು 67 ಲಕ್ಷ ಹೆಕ್ಟೇರುಗಳಷ್ಟಿದೆ. ಅದರ ಒಡೆಯರಲ್ಲಿ ಬಹುಮಂದಿ ಬೇರೆ ಹೊಲವಿಲ್ಲದ ಬಡ ಒಕ್ಕಲಿಗರೆಂಬುದನ್ನು ನೆನೆದಾಗ, ಇಲ್ಲಿ ನಡೆಯುವ ಮಂದಗತಿಯ ಕೆಲಸದ ಗುರುತ್ವವು ಮನಸ್ಸಿಗೆ ತಟ್ಟದೆ ಇರದು.

ಉಪ್ಪುನೆಲದ ವ್ಯಾಧಿ ಒಂದೇ ಬಗೆಯದಲ್ಲ. ಕ್ಲೋರೈಡು, ಸಲ್ಫೇಟು ಮೊದಲಾದ ಲವಣಗಳು ಮಣ್ಣಿನ ನೀರಿನಲ್ಲಿ ಕರಗಿ ಸಾಂದ್ರವಾದಾಗ, ನೆಲದಲ್ಲಿ ತೇವವಿದ್ದರೂ ಅದನ್ನು ಹೀರಿಕೊಳ್ಳುವ ಶಕ್ತಿ ಬೇರಿಗಿಲ್ಲದೆ ಸಸ್ಯವು ನೀರಿನ ನಡುವೆಯೇ ಬಾಯಾರುವುದು. ಇದು ಲವಣಭೂಮಿಯ ಸ್ವಭಾವ. ಕ್ಷಾರಭೂಮಿಯಲ್ಲಾದರೋ ಸೋಡಿಯಮ್ಮು ಜೇಡಿಯ ಕಣಗಳನ್ನೇ ಆಶ್ರಯಿಸಿ, ಅವುಗಳ ಕಟ್ಟನ್ನು ಕಳಚಿ, ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ರಸಸಾರವು 8.5ನ್ನು ಮೀರಿ ಕೆಲವೆಡೆ 10ನ್ನೂ ದಾಟುತ್ತದೆ. ಹಾಯಿಸಿದ ನೀರು ಇಂಗದೆ ನಿಂತು, ಬೇರುಗಳಿಗೆ ಉಸಿರು ಕಟ್ಟಿ, ಎಳೆಯ ಪೈರು ಹಳದಿಗೆ ತಿರುಗುತ್ತದೆ. ಒಂದನ್ನು ಸಹಿಸಿದ ತಳಿ ಮತ್ತೊಂದನ್ನೂ ಸಹಿಸೀತೆಂಬ ಭರವಸೆಯಿಲ್ಲದುದರಿಂದ, ಎರಡಕ್ಕೂ ಪರೀಕ್ಷೆಗಳು ಬೇರೆಬೇರೆ.

ಪರೀಕ್ಷೆಯೆಂದರೆ ಉಪ್ಪಿನ ಹೊಲದಲ್ಲಿ ನೂರು ತಳಿಗಳನ್ನು ಸಾಲಾಗಿ ಬಿತ್ತಿ, ಉಳಿದುದನ್ನು ಆರಿಸಿಕೊಳ್ಳುವುದಷ್ಟೇ ಅಲ್ಲವೆ ಎಂದು ತೋರಬಹುದು. ಆದರೆ ಚೌಳುನೆಲದಲ್ಲಿ ಉಪ್ಪು ಸಮನಾಗಿ ಹರಡಿರುವುದಿಲ್ಲ. ಒಂದೆಡೆ ಬೆಳ್ಳಗೆ ಪುಡಿಯೆದ್ದು ಹುಲ್ಲೂ ಹುಟ್ಟದಿರುವಾಗ, ಅಲ್ಲಿಂದ ನಾಲ್ಕು ಹೆಜ್ಜೆಯಾಚೆ ಪೈರು ಹಸುರಾಗಿ ನಿಂತಿರುತ್ತದೆ. ಇಂತಹ ಹೊಲದಲ್ಲಿ ಚೆನ್ನಾಗಿ ಬೆಳೆದ ತಳಿಯು ತನ್ನ ಸಾಮರ್ಥ್ಯದಿಂದ ಬೆಳೆಯಿತೋ, ಮೆದುವಾದ ಜಾಗ ದೊರೆತುದರಿಂದ ಬೆಳೆಯಿತೋ ಎಂಬುದನ್ನು ನಿರ್ಣಯಿಸುವುದು ದುಸ್ಸಾಧ್ಯ. ಇದಕ್ಕಾಗಿಯೇ ಕರ್ನಾಲಿನಲ್ಲಿ ಸುತ್ತಲೂ ಸಿಮೆಂಟಿನ ಗೋಡೆಯಿರುವ ಚಿಕ್ಕಚಿಕ್ಕ ಮಡಿಗಳನ್ನು ಕಟ್ಟಿ, ಅವುಗಳಲ್ಲಿ ತುಂಬಿದ ಮಣ್ಣಿಗೆ ಸೋಡಿಯಮ್ ಬೈಕಾರ್ಬೊನೇಟನ್ನು ಬೆರೆಸಿ ಬೇಕಾದ ಕ್ಷಾರತೆಯನ್ನೂ, ಅಳೆದು ಬೆರೆಸಿದ ಉಪ್ಪುನೀರನ್ನು ಹಾಯಿಸಿ ಬೇಕಾದ ಲವಣತೆಯನ್ನೂ ತಂದು, ಎಲ್ಲ ತಳಿಗಳಿಗೂ ಒಂದೇ ಕಷ್ಟವನ್ನು ಒಡ್ಡುವ ಏರ್ಪಾಡನ್ನು ಮಾಡಿದ್ದಾರೆ. ಈ ವಿದ್ಯೆಯ ಸಾರವೆಲ್ಲ ಈ ಸಮತೆಯಲ್ಲಿದೆಯೆಂದೇ ನನ್ನ ಭಾವನೆ. ಕಷ್ಟವು ಸಮವಾಗದ ಹೊರತು ಸಹನೆಯ ತಾರತಮ್ಯವು ಗೋಚರವಾಗದು.

ಮೊಳಕೆಯ ಹಂತದಲ್ಲಿಯೇ ಉಪ್ಪುನೀರಿನಲ್ಲಿಟ್ಟು ನೋಡುವ ಪ್ರಯೋಗಶಾಲೆಯ ವಿಧಾನವೂ ಉಂಟು. ಅದು ತ್ವರಿತವಾದರೂ ಸಾಲದು. ಏಕೆಂದರೆ ಮೊಳೆಯುವಾಗ ತೋರಿದ ಧೈರ್ಯವನ್ನು ಸಸ್ಯವು ತೆನೆಗಟ್ಟುವಾಗ ತೋರದಿರಬಹುದು. ಗೋಧಿಯು ಸ್ವಭಾವತಃ ತಕ್ಕಮಟ್ಟಿಗೆ ಉಪ್ಪನ್ನು ತಡೆಯಬಲ್ಲ ಧಾನ್ಯ. ಮಣ್ಣಿನ ಸಾರದ ವಿದ್ಯುದ್ವಾಹಕತೆ ಮೀಟರಿಗೆ 6 ಡೆಸಿಸೀಮೆನ್ಸನ್ನು ಮುಟ್ಟುವವರೆಗೆ ಸಾಮಾನ್ಯ ಇಳುವರಿ ತಗ್ಗದೆಂದೂ, ಅನಂತರ ಒಂದೊಂದು ಏಕಮಾನ ಏರಿದಂತೆ ಶೇಕಡ 7ರಷ್ಟು ಇಳಿಯುವುದೆಂದೂ ಮಾಸ್ ಮತ್ತು ಹಾಫ್‌ಮನ್ನರು 1977ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಆದುದರಿಂದ ನವೆಂಬರಿನಲ್ಲಿ ಬಿತ್ತಿದ್ದನ್ನು ಏಪ್ರಿಲಿನಲ್ಲಿ ಕೊಯ್ಯುವವರೆಗೆ ತೆಂಡೆಗಳ ಸಂಖ್ಯೆ, ತೆನೆಯ ಕಾಳು, ಕಾಳಿನ ತೂಕ ಇವೆಲ್ಲವನ್ನೂ ದಾಖಲಿಸಿ, ಸಹನಶೀಲವೆಂದು ಮೊದಲೇ ಸಿದ್ಧಪಟ್ಟ ತಳಿಯೊಂದನ್ನೂ ಸೂಕ್ಷ್ಮವಾದುದೊಂದನ್ನೂ ಪಕ್ಕದಲ್ಲಿಯೇ ಬೆಳೆಸಿ ತುಲನೆ ಮಾಡುತ್ತಾರೆ. ಬದುಕಿ ಉಳಿದುದಷ್ಟೇ ಇಲ್ಲಿ ಗೆಲುವಲ್ಲ. ಒಳ್ಳೆಯ ನೆಲದಲ್ಲಿಯೂ ಕಡಮೆ ಕೊಡುವ ತಳಿಯ ಸಹನೆಯನ್ನು ಕಟ್ಟಿಕೊಂಡು ರೈತನಿಗೆ ಆಗಬೇಕಾದುದೇನು?

ಈ ಪ್ರಶ್ನೆಯನ್ನು ಎತ್ತಿದುದು ಖಾರ್ಚಿಯಾ ಎಂಬ ಗೋಧಿ. ರಾಜಸ್ಥಾನದ ಪಾಲಿ ಜಿಲ್ಲೆಯ ಖಾರ್ಚಿ ಪ್ರದೇಶದಲ್ಲಿ, ಬಾವಿಯ ಉಪ್ಪುನೀರನ್ನೇ ಹಾಯಿಸಿ ಬೆಳೆಯುತ್ತ ಬಂದ ರೈತರು, ತಲೆಮಾರುಗಳ ಕಾಲ ಬೀಜವನ್ನು ಎತ್ತಿಟ್ಟು ಕಾಪಾಡಿದ ನಾಟಿ ತಳಿಯದು. ಅದರಿಂದ ಅಭಿವೃದ್ಧಿಪಡಿಸಿದ ಖಾರ್ಚಿಯಾ 65 ಇಂದು ಜಗತ್ತಿನ ಲವಣಸಂಶೋಧಕರೆಲ್ಲ ತುಲನೆಗೆ ಹಿಡಿಯುವ ಪ್ರಮಾಣವಾಗಿದೆ. ಹೆಸರು ಉಳಿಯದ ಆ ಒಕ್ಕಲಿಗರು ಅಳತೆಯ ಮಡಿಗಳಿಲ್ಲದೆಯೇ ನಡೆಸಿದ ಆಯ್ಕೆಯು ಎಷ್ಟು ಖಚಿತವಾಗಿತ್ತೆಂಬುದನ್ನು ಕಂಡು ಗೌರವದಿಂದ ತಲೆಬಾಗಬೇಕೆನಿಸುತ್ತದೆ. ಆದರೆ ಆ ಪೈರು ಎತ್ತರವಾಗಿ ಬೆಳೆದು ನೆಲಕ್ಕೊರಗುವಂಥದು, ಇಳುವರಿಯೂ ಕಡಮೆ. ಆದಕಾರಣ ಕರ್ನಾಲಿನ ತಳಿಶಾಸ್ತ್ರಜ್ಞರು ಅದನ್ನು ಲೂಧಿಯಾನದ ಗಿಡ್ಡ ತಳಿಯಾದ ಡಬ್ಲ್ಯುಎಲ್ 711ರೊಡನೆ ಸಂಕರಗೊಳಿಸಿ ಪಡೆದ ಕೆಆರ್‌ಎಲ್ 1-4, 1990ರಲ್ಲಿ ಬಿಡುಗಡೆಯಾಯಿತು. ಅದರ ಸಂತತಿಯಾದ ಕೆಆರ್‌ಎಲ್ 19 ಹತ್ತು ವರ್ಷಗಳ ತರುವಾಯ ಬಂದಿತು. ಕೆಆರ್‌ಎಲ್ 210, 213, 283 ಅದರ ಅನಂತರದವು.

ಸಹಿಸುವ ಗೋಧಿಯ ಒಳಗುಟ್ಟು ಬಹುಮಟ್ಟಿಗೆ ಎಲೆಯಲ್ಲಿರುವ ಸೋಡಿಯಮ್ ಪೊಟ್ಯಾಸಿಯಮ್‌ಗಳ ಪ್ರಮಾಣದಲ್ಲಿದೆ. ಬೇರಿನಿಂದ ಮೇಲೇರುವ ಸೋಡಿಯಮ್ಮನ್ನು ದಾರಿಯಲ್ಲಿಯೇ ತಡೆದು ಎಲೆಯನ್ನು ಕಾಪಾಡುವ ವಂಶಧಾತುವೊಂದು ರೊಟ್ಟಿಗೋಧಿಯ ಡಿ ವರ್ಣತಂತುಗಳ ಗುಂಪಿನಲ್ಲಿದೆ. ಡ್ಯೂರಮ್ ಗೋಧಿಗೂ ನಮ್ಮ ಜವೆಗೋಧಿಗೂ ಆ ಗುಂಪೇ ಇಲ್ಲ. ಉತ್ತರ ಕರ್ನಾಟಕದ ನಮಗೆ ಇದು ದೂರದ ಮಾತಲ್ಲ. ತುಂಗಭದ್ರಾ, ಮಲಪ್ರಭಾ, ಕೃಷ್ಣಾ ಕಾಲುವೆಗಳ ಅಡಿಯ ಎರೆಭೂಮಿಯಲ್ಲಿ ಸವುಳು ಏರಿದ್ದನ್ನು ಕಂಡೇ, ಕರ್ನಾಲಿನ ನೇತೃತ್ವದ ಅಖಿಲಭಾರತ ಯೋಜನೆಯ ಕೇಂದ್ರವೊಂದು ಗಂಗಾವತಿಯಲ್ಲಿ ಕೆಲಸ ಮಾಡುತ್ತಿದೆ. ಧಾರವಾಡ, ವಿಜಯಪುರಗಳ ಕಡೆಯ ಡ್ಯೂರಮ್ಮಿಗೂ ಜವೆಗೋಧಿಗೂ ಕರ್ನಾಲಿನ ರೊಟ್ಟಿಗೋಧಿಯ ತಳಿಗಳು ನೇರವಾದ ಉತ್ತರವಾಗಲಾರವು. ಆ ಪರೀಕ್ಷೆಯನ್ನು ಇಲ್ಲಿನ ಎರೆಮಣ್ಣಿನಲ್ಲಿಯೇ, ಇಲ್ಲಿನ ತಳಿಗಳ ಮೇಲೆಯೇ ನಡೆಸಬೇಕಾಗುತ್ತದೆ. ಡ್ಯೂರಮ್ಮಿಗೆ ಉಪ್ಪಿನ ಸಹನೆಯನ್ನು ತರುವುದು ಅಸಾಧ್ಯವೇನಲ್ಲ: ಆಸ್ಟ್ರೇಲಿಯಾದ ವಿಜ್ಞಾನಿಗಳು ಗೋಧಿಯ ಪ್ರಾಚೀನ ಬಂಧುವೊಂದರಿಂದ ಅಂತಹ ವಂಶಧಾತುವನ್ನು ಸಾಂಪ್ರದಾಯಿಕ ಸಂಕರಣದಿಂದಲೇ ಡ್ಯೂರಮ್ಮಿಗೆ ತಂದು, ಉಪ್ಪಿನ ಹೊಲದಲ್ಲಿ ಶೇಕಡ 25ರಷ್ಟು ಹೆಚ್ಚು ಇಳುವರಿ ಪಡೆದುದನ್ನು 2012ರಲ್ಲಿ ಪ್ರಕಟಿಸಿದ್ದಾರೆ.